ಎಳೆಯಬಾರದ ದಾರ

ನಮ್ಮ ಸೋದರತ್ತೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಯಾರ ಬಟ್ಟೆಯಲ್ಲೇ ಆಗಲಿ, ಒಂದೆಳೆ ನೇತಾಡುತ್ತಿದ್ದರೆ ಅವರ ಕೈ ಸುಮ್ಮನಿರದು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರ ತೋಳಿನ ದಾರವನ್ನು ಎಳೆದು ಬೈಸಿಕೊಂಡದ್ದೂ ಇದೆ.

ಅವರ ಕೋಳಿಯ ಹೆಸರು ಬಡಾಯಿ. ಮೊಟ್ಟೆ ಇಟ್ಟರೆ ಇಡೀ ಬೀದಿಗೆ ಡಂಗುರ ಸಾರುತ್ತದೆಂದು ಮಾವ ಇಟ್ಟ ಹೆಸರು. ಬಸ್ ಓಡಿಸುವ ಮಾವ ಬೆಳಿಗ್ಗೆ ಕೆಲಸಕ್ಕೆ ಹೊರಟ ಮೇಲೆ ಅತ್ತೆಗೆ ಮಾತಿಗೆ ಸಿಗುವುದು ಅದೊಂದೇ.

ಮಾವನಿಗೆ ರಜೆಯಿದ್ದ ಒಂದು ದಿನ ಬಡಾಯಿ ಬೆಳಗಿನಿಂದ ಹೊಲಿಗೆ ಮೆಷೀನಿನ ಕೆಳಗೆ ಮುದುಡಿ ಕೂತಿತ್ತು. ಕತ್ತಿನ ಬುಡದಲ್ಲಿ ನುಂಗಿದ ಕಾಳು ತಂಗುವ ಚೀಲ ಮುಟ್ಟಿದರೆ ಕಲ್ಲಿನಂತಿತ್ತು. ಕೊಕ್ಕಿನಿಂದ ಗೇಣುದ್ದದ ನೀಲಿ ದಾರ ಇಳಿಬಿದ್ದಿತ್ತು. ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ದಾರ. ಅತ್ತೆ ಯೋಚಿಸುವ ಮೊದಲೇ ಬೆರಳು ಅದನ್ನು ಎಳೆದಾಗಿತ್ತು. ಕೋಳಿ ಬಾಯಿ ತೆರೆದು ರೆಕ್ಕೆ ಬಡಿದು ಒದ್ದಾಡಿತು. ಅತ್ತೆ ಬೆಚ್ಚಿ ಕೈಬಿಟ್ಟರು.

ಪಶು ಆಸ್ಪತ್ರೆಯ ಕಾಂಪೌಂಡರ್ ಫೋನಿನಲ್ಲೇ ಗದರಿದರು. "ಎಳೀಲೇಬೇಡಿ ಅಮ್ಮಾ! ಒಳಗೆ ಗಂಟಲು ಕುಯ್ದುಹೋಗುತ್ತೆ. ಕಾಳು ಹಾಕ್ಬೇಡಿ. ಬಾಯಿಗೆ ಒಂದೆರಡು ಹನಿ ಎಣ್ಣೆ ಬಿಟ್ಟು ಚೀಲನ ಮೆಲ್ಲಗೆ ನೀವ್ತಾ ಇರಿ. ಡಾಕ್ಟ್ರು ಬರೋದು ನಾಳೆ ಸಂಜೆಗೆ."

ಅತ್ತೆ ಕೈಗೆ ಸಿಕ್ಕ ಎಣ್ಣೆ ಎತ್ತಿಕೊಂಡು ಓಡಿದರು.

"ಏಯ್, ಅದು ಮೆಷೀನ್ ಎಣ್ಣೆ ಕಣೇ!" ಮಾವ ಅಡ್ಡ ಬಂದರು. "ಅದಕ್ಕೇನು ಚಕ್ರ ತಿರುಗ್ಬೇಕಾ?"

"ತಮಾಷೆ ಮಾಡೋ ಹೊತ್ತೇನ್ರೀ ಇದು?" ಎಂದು ಅತ್ತೆ ಅಡುಗೆಮನೆಗೆ ತಿರುಗಿದರು.

ಎಣ್ಣೆ ಬಿಟ್ಟರು, ನೀವಿದರು, ಎದ್ದರು. ಮೆಷೀನಿಗೆ ಕೂತು ಬಲತೋಳನ್ನು ಎಡಕ್ಕೆ ಹೊಲಿದರು. ಅದನ್ನು ಬಿಚ್ಚುತ್ತಾ ಮತ್ತೆ ಎದ್ದು, ಕೋಳಿಯನ್ನು ಕೂರಿಸಿದ್ದ ಬುಟ್ಟಿಯತ್ತ ಹೋದರು. ಕೋಳಿ ಉಸಿರಾಡಿದಾಗಲೆಲ್ಲ ದಾರ ಅಲುಗುತ್ತಿತ್ತು. ಅತ್ತೆಯ ಕೈ ಅದರ ಹತ್ತಿರ ಹೋಗಿ ಹಿಂದೆ ಸರಿಯುತ್ತಿತ್ತು. ಕೊನೆಗೆ ಅವರು ಹೆಬ್ಬೆರಳಿಗೂ ತೋರುಬೆರಳಿಗೂ ದಪ್ಪನಾಗಿ ಬಟ್ಟೆ ಸುತ್ತಿಕೊಂಡರು.

"ಸೂಜಿ ಚುಚ್ಚಿಕೊಂಡ್ಯಾ?"

"ಇಲ್ಲ. ಈ ಬೆರಳುಗಳನ್ನ ನಂಬೋಕಾಗಲ್ಲ ಅಂತ ಕಟ್ಟಿಹಾಕಿದೀನಿ."

ಮಾವ ಈ ಸಲ ನಗಲಿಲ್ಲ. ಅಂದಿನ ಅಡುಗೆ ಅವರೇ ಮಾಡಿದರು. ಅನ್ನ ತಳ ಹಿಡಿದದ್ದನ್ನು ಅತ್ತೆ ಗಮನಿಸಲೂ ಇಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ದಾರ ಬೆರಳುದ್ದ ಮಾತ್ರ ಉಳಿದಿತ್ತು. ಚೀಲ ಹಿಟ್ಟಿನ ಮುದ್ದೆಯಷ್ಟು ಮೆತ್ತಗಾಗಿತ್ತು. ಅತ್ತೆ ನೀವುತ್ತಲೇ ಇದ್ದರು. ಮಧ್ಯಾಹ್ನ ಕಣ್ಣು ಹತ್ತಿದ್ದೇ ತಡ, ಹಿತ್ತಲಿನಿಂದ ಬೀದಿಗೆಲ್ಲ ಕೇಳುವಂತೆ ಕೂಗು ಎದ್ದಿತು. ಅತ್ತೆ ಓಡಿಹೋಗಿ ನೋಡಿದರೆ ಬುಟ್ಟಿಯಿಂದ ಹಾರಿಹೋಗಿದ್ದ ಬಡಾಯಿ ಅಲ್ಲಿತ್ತು, ಮೊಟ್ಟೆಯೇನೂ ಇರಲಿಲ್ಲ. ಹಿಕ್ಕೆಯಲ್ಲಿ ಒಂದು ನೀಲಿ ಸಿಕ್ಕು ಬಿದ್ದಿತ್ತು; ಕೊಕ್ಕಿನಲ್ಲಿ ದಾರವಿರಲಿಲ್ಲ. ಬಡಾಯಿ ಕತ್ತು ಚಾಚಿ ಮತ್ತೆ ಮತ್ತೆ ಕೂಗಿತು. ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಬೆರಳಿನ ಬಟ್ಟೆಯನ್ನು ಹಲ್ಲಿನಿಂದ ಬಿಚ್ಚಿದರು.

ಸಂಜೆ ಕೆಲಸ ಮುಗಿಸಿ ಬಂದ ಮಾವ ಅಂಗಿಯ ತುದಿಯಲ್ಲಿ ನೇತಾಡುತ್ತಿದ್ದ ಎಳೆಯೊಂದನ್ನು ಮುಂದೆ ಹಿಡಿದರು. "ತಗೋ, ಆಸೆ ತೀರಾ ಎಳಿ."

ಅತ್ತೆ ಕೈ ಚಾಚಿದರು. ಆಮೇಲೆ ಕತ್ತರಿ ತರಲು ಒಳಗೆ ಹೋದರು.