ಒಂದೇ ಅರಿವು ಎಂದು ಏಟು ತಿಂದವರು

ಹಣೆಯ ವಿಭೂತಿಯ ಮೇಲೆ ಮಧ್ಯಾಹ್ನದ ಹೊತ್ತಿಗೆ ಚಿನ್ನದ ಬಣ್ಣದ ಪುಡಿ ಕೂತಿರುತ್ತಿತ್ತು. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ ಇಟ್ಟವರಿಗೆ ಇದು ತಪ್ಪಿದ್ದಲ್ಲ. ಪತ್ರಿಕೆ ಮುಟ್ಟಿದ ಕೈಯಲ್ಲೇ ಬೆವರು ಒರೆಸಿಕೊಳ್ಳುತ್ತಾರೆ, ಮಿನುಗು ಹಣೆಗೆ ಹತ್ತುತ್ತದೆ. ನಮ್ಮ ಯಜಮಾನರು ಅದನ್ನು ಅಳಿಸಿಕೊಳ್ಳುತ್ತಿರಲಿಲ್ಲ. "ಯಾರ ಮನೆ ಸಂಭ್ರಮಾನೋ, ಇರ್ಲಿ ಬಿಡಮ್ಮ" ಎನ್ನುತ್ತಿದ್ದರು.

ಯಜಮಾನರು ಎಂದರೆ ನನ್ನ ಗಂಡನಲ್ಲ, ಅಂಗಡಿಯ ಯಜಮಾನರು. ಚಾಮರಾಜಪೇಟೆಯಿಂದ ನಡೆದುಕೊಂಡು ಬಂದು ನಾನು ಅಲ್ಲಿ ಕಂಪ್ಯೂಟರಿನಲ್ಲಿ ಪತ್ರಿಕೆಗಳನ್ನು ಜೋಡಿಸುತ್ತಿದ್ದೆ. ಪ್ರೂಫ್ ತೆಗೆದುಕೊಟ್ಟರೆ ಅವರು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಗಣಪತಿಯ ಶ್ಲೋಕವಿರಲಿ, ಬಿಸ್ಮಿಲ್ಲಾ ಇರಲಿ, ಶಿಲುಬೆಯ ಗುರುತಿರಲಿ, ಅದೇ ದನಿ. ಕಾಯುತ್ತಿದ್ದ ಗಿರಾಕಿಗಳು ತಮಾಷೆಗೆ "ಯಾರ ಮನೆ ಮದುವೆ ಯಜಮಾನ್ರೇ?" ಎಂದರೆ ತಲೆಯೆತ್ತದೆ "ನಮ್ಮನೇದೇ" ಎನ್ನುತ್ತಿದ್ದರು.

ಅದು ತಮಾಷೆಯ ಮಾತಲ್ಲ ಎಂದು ನನಗೆ ತಿಳಿಯಲು ಸಮಯ ಹಿಡಿಯಿತು. ಜಗತ್ತಿನಲ್ಲಿ ಅರಿವು ಎನ್ನುವುದು ಒಂದೇ, ಅದು ಇಷ್ಟೊಂದು ತಲೆಗಳಲ್ಲಿ ಕೂತು ನೋಡುತ್ತಿದೆ ಎಂದು ಅವರು ನಿಜವಾಗಿ ನಂಬಿದ್ದರು. ಬಲ್ಬು ಬೇರೆ, ಕರೆಂಟು ಒಂದೇ ಎಂದು ಯಾರಾದರೂ ಹೋಲಿಕೆ ಕೊಟ್ಟರೆ ಮುಖ ಸಿಂಡರಿಸುತ್ತಿದ್ದರು. ಅಂಥ ಹೋಲಿಕೆ ಅವರಿಗೆ ತೀರಾ ಅಗ್ಗದ ಮಾತು.

ನಾನು ಬಿಡುತ್ತಿರಲಿಲ್ಲ. ಹಲ್ಲುನೋವಿನಿಂದ ದವಡೆ ಊದಿದ್ದ ಒಂದು ದಿನ ಕೇಳಿಯೇಬಿಟ್ಟೆ: "ಎಲ್ರದ್ದೂ ಒಂದೇ ಅರಿವಾದ್ರೆ, ನನ್ನ ಹಲ್ಲುನೋವು ನಿಮಗ್ಯಾಕೆ ಗೊತ್ತಾಗಲ್ಲ?"

ಅವರು ಪತ್ರಿಕೆಯ ಕಟ್ಟು ಕೆಳಗಿಟ್ಟರು. "ಕಾಲು ಜೋಮು ಹಿಡಿದಾಗ ಚಿವುಟಿದ್ರೆ ನಿನಗೆ ಗೊತ್ತಾಗುತ್ತಾ?"

"ಇಲ್ಲ."

"ಹಂಗಂತ ಅದು ನಿನ್ನ ಕಾಲಲ್ವಾ? ನಮಗೆಲ್ಲ ಜೋಮು ಹಿಡಿದಿದೆ, ಅಷ್ಟೇ ಕಣಮ್ಮ."

ಕುಮಾರ ಪಾರ್ಕಿನ ಅವರ ಮನೆಯಲ್ಲಿ ಈ ತತ್ವಕ್ಕೆ ಮೂರು ಕಾಸಿನ ಮರ್ಯಾದೆಯಿರಲಿಲ್ಲ. ಅವರ ಹೆಂಡತಿಯನ್ನು ನಾನು ಅಮ್ಮ ಎನ್ನುತ್ತಿದ್ದೆ. ಊಟದ ಹೊತ್ತು ಮೀರಿದರೆ ಅಮ್ಮ ಅಂಗಡಿಗೇ ಫೋನ್ ಮಾಡುತ್ತಿದ್ದರು: "ಎಲ್ಲರೊಳಗೂ ಅವರೇ ಇದಾರಂತೆ, ಮನೇಲಿ ಮಾತ್ರ ಇರಲ್ಲ. ಕಳಿಸಮ್ಮ ಅವರನ್ನ."

ಹಾಗೆ ನಕ್ಕು ಕಳೆಯಬಹುದಾದ ಮಾತಾಗಿಯೇ ಅದು ಉಳಿಯುತ್ತಿತ್ತೇನೋ. ಆದರೆ ಒಂದು ಬೆಳಿಗ್ಗೆ ಬೀದಿಯಲ್ಲಿ "ಕಳ್ಳ, ಕಳ್ಳ" ಎಂಬ ಕೂಗೆದ್ದಿತು. ಪತ್ರಿಕೆ ಕೊಳ್ಳಲು ಬಂದಿದ್ದ ಹೆಂಗಸೊಬ್ಬರ ಮೊಬೈಲು ಕಿತ್ತುಕೊಂಡು ಓಡುತ್ತಿದ್ದವನನ್ನು ಜನ ನಮ್ಮ ಅಂಗಡಿಯ ಮುಂದೆಯೇ ಕೆಡವಿದ್ದರು. ಇಪ್ಪತ್ತೈದರ ಆಸುಪಾಸಿನವನು. ಮೊಬೈಲು ಅವನ ಜೇಬಿನಲ್ಲೇ ಸಿಕ್ಕಿತು. ಸಿಕ್ಕ ಮೇಲೂ ಹೊಡೆತ ನಿಲ್ಲಲಿಲ್ಲ. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಎದುರು ಅಂಗಡಿಯವರು ಷಟರ್ ಎಳೆಯುವ ಕಬ್ಬಿಣದ ಕಂಬಿ ಹಿಡಿದು ಬಂದರು.

ನಾನು ಪೊಲೀಸರಿಗೆ ಫೋನ್ ಮಾಡುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ಯಜಮಾನರು ಗಲ್ಲಾ ಬಿಟ್ಟು ಎದ್ದು ಹೋಗಿ ಅವನಿಗೆ ಅಡ್ಡ ನಿಂತಿದ್ದರು.

"ಸಾಕು ಬಿಡ್ರಪ್ಪ. ಪೊಲೀಸ್ರು ಬರ್ತಾರೆ."

"ಕದ್ದಿದಾನೆ ಯಜಮಾನ್ರೇ!"

"ಹೌದು ಕದ್ದಿದಾನೆ, ನಾನೂ ನೋಡ್ದೆ. ಅದಕ್ಕೆ ಸ್ಟೇಷನ್ ಇದೆ, ಕೋರ್ಟಿದೆ. ಇವನಿಗೆ ಬೀಳೋ ಏಟು ನನಗೂ ಬೀಳುತ್ತೆ, ನಿಮಗೂ ಬೀಳುತ್ತೆ. ಇವನು ಬೇರೆ ಅಲ್ಲ."

ಹಿಂದಿನಿಂದ ಯಾರೋ ನಕ್ಕರು. "ಹಂಗಾದ್ರೆ ನಿಮಗೇ ಹೊಡೀಲಾ?"

"ಹೊಡಿಯಪ್ಪ" ಎಂದರು ಯಜಮಾನರು.

ಕಂಬಿ ಕಳ್ಳನ ತಲೆಗೆಂದೇ ಎದ್ದಿತ್ತು. ಯಜಮಾನರು ಬಲಗೈ ಅಡ್ಡ ಹಿಡಿದರು. ಮಣಿಕಟ್ಟು ಮುರಿದ ಸದ್ದು ನನ್ನವರೆಗೂ ಕೇಳಿಸಿತು. ಫೋನ್ ಕಿವಿಗಿಟ್ಟುಕೊಂಡೇ ಜನರನ್ನು ತಳ್ಳಿಕೊಂಡು ಹೋಗಿ ಅವರ ಭುಜ ಹಿಡಿದೆ. ಅವರು ಕೂರಲು ಒಪ್ಪಲಿಲ್ಲ. ಪೊಲೀಸರು ಬಂದು ಆ ಹುಡುಗನನ್ನು ಜೀಪಿಗೆ ಹತ್ತಿಸುವವರೆಗೂ ಬಿಳುಚಿದ ಮುಖದಲ್ಲಿ ಹಾಗೇ ನಿಂತಿದ್ದರು.

"ಯಾರು ಹೊಡೆದಿದ್ದು?" ಎಂದು ಪೊಲೀಸರು ಕೇಳಿದಾಗ "ಗೊತ್ತು, ಹೇಳಲ್ಲ" ಎಂದರು. ನನಗೂ ಹೇಳಗೊಡಲಿಲ್ಲ. ಅದನ್ನು ನಾನು ಇವತ್ತಿಗೂ ಒಪ್ಪಿಲ್ಲ.

ಒಪ್ಪದಿರಲು ಕಾರಣವಿದೆ. ಆ ವಾರವೇ ಬೀದಿಯ ವ್ಯಾಪಾರಿಗಳೆಲ್ಲ ಸೇರಿ ಯಜಮಾನರು ಕ್ಷಮೆ ಕೇಳಬೇಕೆಂದರು. ಕಳ್ಳನ ಪರ ನಿಂತು ಪೇಟೆಯ ಮಾನ ಕಳೆದರಂತೆ. ಎಲ್ಲರಿಗಿಂತ ಜೋರಾಗಿ ಕೂಗಿದವರು ಕಂಬಿ ಹಿಡಿದಿದ್ದ ಎದುರು ಅಂಗಡಿಯವರೇ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಯಜಮಾನರು ನನ್ನನ್ನೂ ಜೊತೆಗೆ ಕರೆದುಕೊಂಡು ಆ ಸಭೆಗೆ ಹೋದರು.

"ಹೋದ ತಿಂಗಳು ಶೇಷಾದ್ರಿಪುರಂನಲ್ಲಿ ಪ್ರವಚನ ಆಯ್ತಲ್ಲ, ನೀವೆಲ್ಲ ಮುಂದಿನ ಸಾಲಲ್ಲೇ ಕೂತಿದ್ರಿ. ಎಲ್ಲ ಜೀವಗಳಲ್ಲೂ ಇರೋದು ಒಂದೇ ಚೈತನ್ಯ ಅಂದಾಗ ಕಣ್ಣು ಮುಚ್ಕೊಂಡು ತಲೆ ಆಡಿಸಿದ್ರಿ" ಎಂದರು. "ಅದು ಸುಳ್ಳು ಅಂತ ಇಲ್ಲಿ ಒಬ್ರು ಎದ್ದು ಹೇಳಿ, ನಾನು ಈಗಲೇ ಕ್ಷಮೆ ಕೇಳ್ತೀನಿ."

ಯಾರೂ ಏಳಲಿಲ್ಲ.

"ಹಂಗಾದ್ರೆ ಕೇಳಲ್ಲ" ಎಂದು ಹೊರಟೇಬಿಟ್ಟರು. ಮೆಟ್ಟಿಲು ಇಳಿಯುವಾಗ ಎಡಗೈಯಿಂದ ಗೋಡೆ ಹಿಡಿದುಕೊಂಡರು. "ಭಯ ಆಯ್ತಾ?" ಎಂದೆ. "ಆಗದೆ ಇರುತ್ತಾ? ಎಲ್ಲ ನಮ್ಮೋರೇ" ಎಂದರು.

ಆಮೇಲೆ ಅಕ್ಕಪಕ್ಕದವರು ನಮ್ಮಲ್ಲಿಗೆ ಗಿರಾಕಿಗಳನ್ನು ಕಳಿಸುವುದು ನಿಂತಿತು. ಜೊತೆಗೆ ಟೀ ಕುಡಿಯುತ್ತಿದ್ದವರು ಮುಖ ತಿರುಗಿಸಿದರು. ಮಣಿಕಟ್ಟು ನೆಟ್ಟಗೆ ಕೂಡಿಕೊಳ್ಳಲೇ ಇಲ್ಲ. ಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚಲೂ ಎಡಗೈ ಬೇಕಾಯಿತು. ಆದರೂ ದಿನಾ ಬಾಗಿಲು ತೆರೆದು, ಎದುರು ಅಂಗಡಿಯವರ ಮುಖ ನೋಡಿ ಮೊದಲಿನಂತೆಯೇ "ತಿಂಡಿ ಆಯ್ತಾ?" ಎಂದು ಕೇಳುತ್ತಿದ್ದರು. ಅವರು ಉತ್ತರಿಸುತ್ತಿರಲಿಲ್ಲ. ಮರುದಿನ ಇವರು ಮತ್ತೆ ಕೇಳುತ್ತಿದ್ದರು. ಅದು ಸೌಜನ್ಯವಲ್ಲ, ಹಟ. ನೀನು ಬೇರೆ ಎಂದು ಒಪ್ಪಿಕೊಳ್ಳುವುದಿಲ್ಲ ಎಂಬ ಹಟ.

ಅವರ ಮಾತು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ಬೀದಿಯಲ್ಲಿ ಯಾರಿಗಾದರೂ ಏಟು ಬಿದ್ದರೆ ಈಗ ಸುಮ್ಮನೆ ನೋಡುತ್ತಾ ನಿಲ್ಲಲು ನನ್ನಿಂದಾಗದು. ಆ ಕಷ್ಟ ಅವರು ಕೊಟ್ಟು ಹೋದದ್ದು.

ಹೋದ ವರ್ಷ, ಮನೆಯಲ್ಲಿ ಪೂಜೆಗೆ ಕೂತಲ್ಲೇ ಯಜಮಾನರು ತೀರಿಕೊಂಡರು. ಕಾರ್ಯಗಳು ಮುಗಿದ ಮೇಲೆ ಅಮ್ಮ ಬಂದು ಗಲ್ಲಾದಲ್ಲಿ ಕೂತರು. ಅದೇ ದಿನ ಎದುರು ಅಂಗಡಿಯವರು ವ್ಯಾಪಾರಿಗಳ ಪರವಾಗಿ ಬಂದು, ಶ್ರದ್ಧಾಂಜಲಿಯ ಫ್ಲೆಕ್ಸ್ ಜೋಡಿಸಿಕೊಡು ಎಂದರು. "ವಿಶ್ವಚೈತನ್ಯದಲ್ಲಿ ಒಂದಾದರು ಅಂತ ಹಾಕಮ್ಮ. ಅವರಿಗೆ ಇಷ್ಟವಾದ ಮಾತು."

"ಹಾಕಲ್ಲ."

"ಯಾಕೆ?"

"ಅವರು ಸತ್ತು ಒಂದಾದೋರಲ್ಲ. ಬದುಕಿದ್ದಾಗಲೇ ನಿಮ್ಮೆಲ್ಲರ ಜೊತೆ ಒಂದು ಅಂತಿದ್ರು. ಅಲ್ಲ ಅಂತ ಕೈ ಮುರಿದೋರು ನೀವು. ಅದನ್ನೇ ಹಾಕ್ತೀನಿ, ಆಗುತ್ತಾ?"

ಅವರು ಅಮ್ಮನ ಕಡೆ ನೋಡಿದರು. ಅಮ್ಮ ಗಲ್ಲಾದ ಚಿಲ್ಲರೆ ಎಣಿಸತೊಡಗಿದರು. ಅವರು ಹೊರಟುಹೋದರು.

ಎರಡು ದಿನ ಬಿಟ್ಟು ಬೆಳಿಗ್ಗೆ ಬರುವಷ್ಟರಲ್ಲಿ ಬೇರೆಲ್ಲೋ ಮಾಡಿಸಿದ ಫ್ಲೆಕ್ಸ್ ನಮ್ಮ ಅಂಗಡಿಯ ಮುಂದೆಯೇ ತೂಗುತ್ತಿತ್ತು. ಯಜಮಾನರ ನಗುಮುಖ, ಕೆಳಗೆ ಅದೇ ಸಾಲು, ಅದರ ಕೆಳಗೆ ಕ್ಷಮೆ ಕೇಳೆಂದವರ ಸಾಲು ಸಾಲು ಫೋಟೋ. ಅಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ಎಲ್ಲವನ್ನೂ ಓದಿದರು. ಒಳಗೆ ಹೋಗಿ ಕಾಗದ ಕತ್ತರಿಸುವ ದೊಡ್ಡ ಕತ್ತರಿ ತಂದರು.

"ಸ್ಟೂಲ್ ಹಿಡ್ಕೋಮ್ಮ" ಎಂದರು.

ಎದುರು ಅಂಗಡಿಯವರು ಹೊರಗೆ ಬಂದು ನಿಂತರು. ನಾನು ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಹತ್ತಿ, ಮೊದಲ ಹಗ್ಗ ಕತ್ತರಿಸಿದರು.