ಎರಡನೇ ಬ್ರೇಕು

ನನ್ನ ಸೋದರತ್ತೆ ಮೂವತ್ತು ವರ್ಷ ಡ್ರೈವಿಂಗ್ ಕಲಿಸಿದವಳು. ಅವಳ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕಿತ್ತು. ಕಲಿಯುವವರು ಲೈಟುಕಂಬದ ಕಡೆ ಪ್ರೀತಿಯಿಂದ ಹೊರಟಾಗ ಅವಳ ಬಲಗಾಲು ಅದನ್ನು ಒತ್ತುತ್ತಿತ್ತು, ಬಾಯಿ ಅವರ ವಂಶವನ್ನು ಜಾಲಾಡುತ್ತಿತ್ತು. ಊರಿನ ಅರ್ಧ ಜನ ಬದುಕಿರುವುದು ಆ ಕಾಲಿನಿಂದ. ನಾನು ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು ಆ ಬಾಯಿಯಿಂದ.

ಅತ್ತೆಯ ಸ್ತನದ ಕ್ಯಾನ್ಸರು ಬೆನ್ನುಮೂಳೆಗೂ ಹಬ್ಬಿದೆ ಎಂದು ತಿಳಿದ ದಿನ ಡಾಕ್ಟರಮ್ಮ ಮೆತ್ತಗೆ ಹೇಳಿದರು: "ಪೂರ್ತಿ ವಾಸಿ ಮಾಡೋಕಾಗಲ್ಲ. ಹತೋಟೀಲಿ ಇಡಬಹುದು."

"ನಾನೂ ಅಷ್ಟೇ ಡಾಕ್ಟ್ರೇ," ಎಂದಳು ಅತ್ತೆ. "ಮೂವತ್ತು ವರ್ಷದಲ್ಲಿ ಒಬ್ಬರಿಗೂ ಪೂರ್ತಿ ಡ್ರೈವಿಂಗ್ ಬರ್ಲಿಲ್ಲ. ಹತೋಟೀಲಿ ಇಟ್ಟಿದೀನಿ."

ಆಪರೇಷನ್ ಇಲ್ಲವೇ ಎಂದು ನಾನು ಕೇಳಿದೆ.

"ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಯಾಕೆ ಹಾಕ್ತಾರೆ, ಸುಮ್ನಿರೇ," ಎಂದಳು. ಡಾಕ್ಟರಮ್ಮ ಅದನ್ನೇ ಹೇಳಲು ಹತ್ತು ನಿಮಿಷ ತೆಗೆದುಕೊಂಡರು.

ಹಾರ್ಮೋನ್ ಮಾತ್ರೆ ಶುರುವಾಯಿತು. ಬೆನ್ನುನೋವಿಗೆ ಐದು ದಿನ ರೇಡಿಯೇಷನ್ ಕೊಟ್ಟರು. ನೋವು ಇಳಿಯಿತು, ಸಿಟ್ಟು ಇಳಿಯಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂಬುದಕ್ಕೆ ಆಸ್ಪತ್ರೆಯ ಮೆಷಿನ್ನೇ ಸಾಕ್ಷಿ. ಎರಡು ವರ್ಷ ಮಾತ್ರೆ ನುಂಗಿ, ಜನರನ್ನು ಬೈದುಕೊಂಡು ಹಾಯಾಗಿದ್ದಳು.

ಆಮೇಲೆ ಮಾತ್ರೆ ಕೈಕೊಟ್ಟಿತು. ರೋಗ ಲಿವರಿಗೂ ಕಾಲಿಟ್ಟಿತ್ತು. ಇನ್ನು ವಾರಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೀಮೋ, ಕೂದಲು ಉದುರುತ್ತದೆ, ಕಾಲು ಜೋಮು ಹಿಡಿಯಬಹುದು ಎಂದರು ಡಾಕ್ಟರಮ್ಮ. ಬೇರೆಯವರಾಗಿದ್ದರೆ ಎಷ್ಟು ದಿನ ಬದುಕುತ್ತೇನೆ ಎನ್ನುತ್ತಿದ್ದರು. ಅತ್ತೆ ಕೇಳಿದ್ದು, "ಯಾವ ಕಾಲು?"

"ಎರಡೂ. ಜೋಮು ಬಂದ ತಕ್ಷಣ ಹೇಳಿ, ಡೋಸ್ ಇಳಿಸ್ತೀನಿ. ಮುಚ್ಚಿಡಬೇಡಿ."

ಅವಳು ಹೆದರಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಕಾಲಿಗೆ ಬ್ರೇಕು ತಿಳಿಯದಿದ್ದರೆ ಅವಳು ಆ ಸೀಟಿನಲ್ಲಿ ಕೂರುವಂತಿಲ್ಲ. ಆ ಸೀಟು ಬಿಟ್ಟರೆ ಅವಳಿಗೆ ಬೇರೆ ಬದುಕು ಗೊತ್ತಿರಲಿಲ್ಲ.

ಪ್ರತಿ ವಾರ ನರ್ಸು ಕೇಳುತ್ತಿದ್ದಳು, "ಜೋಮು ಇದೆಯಾ?"

"ನಿಮ್ಮ ಡಾಕ್ಟ್ರಿಗಿರ್ಬೇಕು," ಎನ್ನುತ್ತಿದ್ದಳು ಅತ್ತೆ, ಬೋಳುತಲೆ ಸವರಿಕೊಳ್ಳುತ್ತ. ಮರುದಿನ ಮತ್ತೆ ಪಾಠ.

ಒಂಬತ್ತನೇ ಡ್ರಿಪ್ಪಿಗೆ ಆಸ್ಪತ್ರೆಗೆ ಹೊರಟಾಗ ಎಲ್ ಬೋರ್ಡಿನ ಕಾರನ್ನು ನಾನೇ ಓಡಿಸುತ್ತಿದ್ದೆ, ಅತ್ತೆ ಪಕ್ಕದ ತನ್ನ ಸೀಟಿನಲ್ಲಿದ್ದಳು. ಏರಿನಲ್ಲಿ ಕಾರು ಮುಂದೆ ಹೋಗದೆ ಮುಲುಗತೊಡಗಿತು. ಸುಟ್ಟ ವಾಸನೆ ಬಂತು.

"ಹ್ಯಾಂಡ್‌ಬ್ರೇಕ್ ತೆಗ್ದಿಲ್ವೇನೇ, ಮೂದೇವಿ?"

"ತೆಗ್ದಿದೀನಿ ಅತ್ತೆ. ನಿನ್ನ ಕಾಲು ನೋಡು."

ಬಗ್ಗಿ ನೋಡಿದಳು. ಅವಳ ಬಲಗಾಲು ಬ್ರೇಕನ್ನು ಒತ್ತಿಕೊಂಡೇ ಇತ್ತು.

ಹಿಂದಿನವರು ಹಾರ್ನ್ ಹೊಡೆದರು. ಅತ್ತೆ ಅವರನ್ನೂ ಬೈಯಲಿಲ್ಲ. ನನಗೆ ಅಳು ಬಂತು. ಅವಳು ಎರಡೂ ಕೈಯಲ್ಲಿ ಆ ಕಾಲನ್ನು ಎತ್ತಿ ಸೀಟಿನ ಮೇಲೆ ಮಡಿಸಿಟ್ಟುಕೊಂಡಳು.

"ಇವತ್ತು ಡಾಕ್ಟ್ರಿಗೆ ಹೇಳ್ತೀನಿ," ಎಂದಳು. "ಅಳೋದು ಬಿಟ್ಟು ನೋಡ್ಕೊಂಡು ಓಡ್ಸು. ಇನ್ಮೇಲೆ ಈ ಕಾರಿಗೆ ಒಂದೇ ಬ್ರೇಕು."