ಪದವಿಪತ್ರದ ಹಿಂಬದಿ

ವಿದೇಶದಲ್ಲಿ ಇಂಗ್ಲಿಷ್ ಕಲಿಸಲು ಬನ್ನಿ ಎಂಬ ಜಾಹೀರಾತನ್ನು ನಾನು ಮೊದಲು ನೋಡಿದ್ದು ಥಾಣೆಯಿಂದ ಪನ್ವೇಲ್ ಕಡೆ ಹೋಗುವ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ, ಮೂಲವ್ಯಾಧಿಗೆ ಖಚಿತ ಪರಿಹಾರ ಹೇಳುವ ಚೀಟಿಯ ಪಕ್ಕ. ನನ್ನ ಅನುಮಾನ ಅಲ್ಲಿಂದಲೇ ಶುರು. ಆದರೂ ನಂಬರ್ ಬರೆದುಕೊಂಡೆ. ಅನುಮಾನ ಪಡುವುದಕ್ಕೂ ವಿವರ ಬೇಕಲ್ಲ.

ಆಗ ನನಗೆ ಇಪ್ಪತ್ತಮೂರು. ಡೊಂಬಿವಲಿಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಹತ್ತನೇ ತರಗತಿಯವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಹೇಳಿಕೊಡುವುದು ಅಂದರೆ ಗೈಡಿನಲ್ಲಿದ್ದ ಉತ್ತರವನ್ನು ಬೋರ್ಡಿಗೆ ಇಳಿಸುವುದು, ಅವರು ಬೋರ್ಡಿನಿಂದ ನೋಟ್‌ಬುಕ್ಕಿಗೆ ಇಳಿಸುವುದು. ಒಬ್ಬರೂ ಎದುರು ಮಾತಾಡುತ್ತಿರಲಿಲ್ಲ. ಕಾಲೇಜಿನ ಮೂರು ವರ್ಷವನ್ನು ಚರ್ಚಾ ಸ್ಪರ್ಧೆಗಳಲ್ಲೇ ಕಳೆದವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಜಾಹೀರಾತಿನಲ್ಲಿದ್ದದ್ದು ವಿಯೆಟ್ನಾಮಿನ ಒಂದು ಸಣ್ಣ ಊರಿನ ಶಾಲೆ: ಮಕ್ಕಳಿಗೆ ಮಾತಾಡಲು ಕಲಿಸಬೇಕು, ಬರೀ ಮಾತಾಡಲು. ಆ ಒಂದು ಸಾಲಿಗಾಗಿ ನನಗೆ ಹೋಗಬೇಕಿತ್ತು. ಎಷ್ಟು ಹೋಗಬೇಕಿತ್ತೆಂದರೆ, ಅದೇ ಕಾರಣಕ್ಕೆ ಇದು ಮೋಸ ಎಂದು ಸಾಬೀತು ಮಾಡಲು ಹೊರಟೆ.

ಕಚೇರಿ ಖಾರಘರದಲ್ಲಿ, ಗುಡ್ಡದ ಬುಡದ ಹೊಸ ಟವರಿನ ಮೂರನೇ ಮಹಡಿ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೋಸಗಾರರು ಹೊಸ ಕಟ್ಟಡ ಹಿಡಿಯುತ್ತಾರೆ ಎಂದು ಮನಸ್ಸಿನಲ್ಲೇ ಒಂದು ಪಾಯಿಂಟ್ ಬರೆದುಕೊಂಡೆ. ಟೇಬಲ್ಲಿನ ಹಿಂದೆ ಕೂತಿದ್ದ ಮೇಡಂಗೆ ನಲವತ್ತರ ಆಸುಪಾಸು. ಅರ್ಧ ಗಂಟೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ, ಪಾಠ ಮಾಡಿಸಿ ನೋಡಿ, ಆಮೇಲೆ ನನ್ನ ಫಾರ್ಮ್ ತಿರುವಿದರು.

“ಓ, ಕನ್ನಡದವ್ರಾ ನೀವು? ನಂದು ಬೆಂಗ್ಳೂರು. ಮೊದ್ಲೇ ಹೇಳ್ಬಾರ್ದಾ?”

ಪರವೂರಿನಲ್ಲಿ ಕನ್ನಡ ಕೇಳಿದ ತಕ್ಷಣ ಕರಗಿಹೋಗುವ ಜನ ಇದ್ದಾರೆ. ನಮ್ಮಪ್ಪ ಅವರಲ್ಲೊಬ್ಬರು. ನಾನು ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗೆ ಕೂತೆ. ಈಗ ಗಾಳ ಹಾಕುತ್ತಾರೆ ಅಂದುಕೊಂಡೆ.

“ನೀವು ಸೆಲೆಕ್ಟ್ ಆದ ಹಾಗೇನೇ. ಡಿಗ್ರಿ ಸರ್ಟಿಫಿಕೇಟ್ ಒರಿಜಿನಲ್ ಬೇಕು,” ಅಂದರು.

“ಒರಿಜಿನಲ್ ಯಾಕೆ? ನೋಡೋದಕ್ಕೆ ಕಾಪಿ ಸಾಲದಾ?”

“ನೋಡೋದಕ್ಕಲ್ಲ ರೀ, ಹಿಂಬದಿಗೆ ಗವರ್ನಮೆಂಟ್ ಸೀಲ್ ಬೀಳ್ಬೇಕು. ಅದಿಲ್ದೆ ಅಲ್ಲಿ ಕೆಲಸದ ಪರ್ಮಿಟ್ ಕೊಡಲ್ಲ.”

ಸರಿ ಎಂದು ಫೈಲಿನಿಂದ ತೆಗೆದೆ, ಕೊಡಲಿಲ್ಲ, ತೋರಿಸಿದೆ. ಅದರ ಹೊಳಪು ನೋಡಿಯೇ ಅವರ ಮುಖ ಇಳಿಯಿತು.

“ಅಯ್ಯೋ, ಲ್ಯಾಮಿನೇಟ್ ಮಾಡ್ಸಿದೀರಾ? ಪ್ಲಾಸ್ಟಿಕ್ ಮೇಲೆ ಸೀಲ್ ಹಾಕಲ್ಲ ಅವ್ರು. ಇಪ್ಪತ್ತನೇ ತಾರೀಖಿನೊಳಗೆ ಆಗ್ಲಿಲ್ಲ ಅಂದ್ರೆ ನಿಮ್ ಸೀಟು ಬೇರೆಯವ್ರಿಗೆ ಹೋಗುತ್ತೆ.”

ಬಂತು ಎಂದುಕೊಂಡೆ. ಮೊದಲು ತೊಡಕು, ಆಮೇಲೆ ಗಡುವು, ಆಮೇಲೆ ‘ಇಲ್ಲೇ ಬಿಟ್ಟು ಹೋಗಿ, ನಾವು ಮಾಡಿಸ್ತೀವಿ’. ಮೂರನೇ ಮಾತಿಗೆ ಉತ್ತರ ಸಿದ್ಧಮಾಡಿಕೊಂಡು ಕಾದೆ. ಅದು ಬರಲೇ ಇಲ್ಲ. “ನೀವೇ ಹೋಗಿ ಮಾಡಿಸ್ಕೊಂಡು ಬನ್ನಿ,” ಎಂದು ಕಚೇರಿಯ ವಿಳಾಸ ಬರೆದುಕೊಟ್ಟರು. ಸಿದ್ಧವಾದ ವಾದ ಬಾಯಲ್ಲೇ ಉಳಿದರೆ ಎಷ್ಟು ಕಸಿವಿಸಿ ಎಂದು ಚರ್ಚೆ ಮಾಡಿದವರಿಗೆ ಗೊತ್ತು.

ಅವರು ಸುಳ್ಳು ಹೇಳುತ್ತಿದ್ದಾರೆ ಎಂದೇ ನಂಬಿ ಮರುದಿನ ಮುಂಬೈಯ ಆ ಸರ್ಕಾರಿ ಕಚೇರಿಗೆ ಹೋದೆ. ಗುಮಾಸ್ತರು ನನ್ನ ಪದವಿಪತ್ರವನ್ನು ಎರಡು ಬೆರಳಲ್ಲಿ ಹಿಡಿದು, ಒಮ್ಮೆ ಬಳುಕಿಸಿ, “ಹೇ ಚಾಲಣಾರ್ ನಾಹಿ,” ಎಂದು ವಾಪಸು ತಳ್ಳಿದರು. ನಡೆಯೋದಿಲ್ಲ. ಯಾವ ನಿಯಮದ ಪ್ರಕಾರ ಎಂದು ಕೇಳಿದೆ. ಅವರು ಕತ್ತೆತ್ತದೆ ಗೋಡೆಯ ಕಡೆ ಪೆನ್ನು ತೋರಿಸಿದರು. ನಿಯಮ ನನ್ನ ತಲೆಯ ಮೇಲ್ಗಡೆಯೇ ಗೋಡೆಗೆ ಅಂಟಿತ್ತು. ಇನ್ನೊಂದು ಪದವಿಪತ್ರ ಕೊಡಿ ಎಂದು ವಿಶ್ವವಿದ್ಯಾಲಯದಲ್ಲಿ ಕೇಳಿದರೆ ತಿಂಗಳುಗಟ್ಟಲೆ ಆಗುತ್ತೆ ಅಂದರು. ನನಗಿದ್ದದ್ದು ಒಂಬತ್ತು ದಿನ.

ಈ ಪ್ಲಾಸ್ಟಿಕ್ಕಿನ ಕಥೆ ಹೇಳಬೇಕು. ಅಪ್ಪ ಉಡುಪಿ ಕಡೆಯವರು, ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಂತು ಶುರುಮಾಡಿ ಮ್ಯಾನೇಜರ್ ಆದವರು. ಎರಡು ಸಾವಿರದ ಐದರ ಜುಲೈ ಮಳೆಯಲ್ಲಿ ನಾವು ಶಹಾಡ್‌ನ ನೆಲಮಹಡಿಯ ಒಂದೇ ಕೋಣೆಯ ಖೋಲಿಯಲ್ಲಿದ್ದೆವು. ನೀರು ಕಪಾಟಿನ ಮೇಲಿನ ಹಲಗೆಯವರೆಗೆ ಬಂದು ಹೋಯಿತು. ಪಾತ್ರೆ ತೊಳೆದುಕೊಂಡೆವು, ಬಟ್ಟೆ ಒಣಗಿಸಿದೆವು. ಅಪ್ಪನ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡು, ಅವರು ಓದಿದ್ದಕ್ಕೆ ಇದ್ದ ಒಂದೇ ಸಾಕ್ಷಿ, ಟ್ರಂಕಿನ ತಳದಲ್ಲಿ ಗಂಜಿಯಾಗಿತ್ತು. ಆಮೇಲೆ ಡೊಂಬಿವಲಿಯ ಎರಡನೇ ಮಹಡಿಗೆ ಬಂದರೂ ಅಪ್ಪ ಮನೆಯ ಕಾಗದವನ್ನೆಲ್ಲ ಕಲ್ಯಾಣ್ ಸ್ಟೇಷನ್ನಿನ ಹೊರಗಿನ ಲ್ಯಾಮಿನೇಶನ್ ಅಂಗಡಿಗೆ ಒಯ್ಯುತ್ತಿದ್ದರು. ರೇಶನ್ ಕಾರ್ಡು, ಗ್ಯಾಸಿನ ಪುಸ್ತಕದ ಮೊದಲ ಪುಟ, ನನಗೆ ಚರ್ಚೆಯಲ್ಲಿ ಬಂದ ಸರ್ಟಿಫಿಕೇಟುಗಳು.

ಪದವಿಪತ್ರ ಬಂದ ದಿನ ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವನು ಅಸಲಿ ಇಟ್ಟುಕೊಂಡು ಜೆರಾಕ್ಸ್ ಕೊಟ್ಟಾನು ಎಂಬ ಅನುಮಾನಕ್ಕೆ, ಅವನ ಕೈಯಿಂದ ಕಣ್ಣು ಕೀಳದೆ ನಿಂತಿದ್ದೆ. ಕಾಗದ ಬಿಸಿಬಿಸಿಯಾಗಿ ಯಂತ್ರದಿಂದ ಹೊರಬಂದಾಗ ಮೊಹರು, ಸಹಿ, ಸಂಖ್ಯೆ ತಾಳೆ ನೋಡಿದೆ. ಮನುಷ್ಯನ ಮೇಲೆ ಅಷ್ಟು ಕಣ್ಣಿಟ್ಟವಳಿಗೆ ಯಂತ್ರವನ್ನು ಅನುಮಾನಿಸಬೇಕೆಂದು ಹೊಳೆಯಲಿಲ್ಲ.

ಈಗ ಅದೇ ಅಂಗಡಿಯವನು, “ಲಗಾತಾ ಹೂಂ, ನಿಕಾಲ್ತಾ ನಹೀ,” ಎಂದು ನಕ್ಕು ಮುಂದಿನ ಗಿರಾಕಿಯ ಕಡೆ ತಿರುಗಿದ. ಹಾಕುವುದಷ್ಟೇ ಅವನ ಕೆಲಸ, ತೆಗೆಯುವುದಲ್ಲ.

ಭಾನುವಾರ ಮಧ್ಯಾಹ್ನ ಅಪ್ಪ ಹೋಟೆಲಿನಿಂದ ಬರುವಾಗ ದೋಸೆ ಎಬ್ಬಿಸುವ ಸಟ್ಟುಗ ತಂದಿದ್ದರು, ಅಂಚು ಸವೆದು ಬ್ಲೇಡಿನಂತಾದದ್ದು. “ಹಿಂಬದಿ ಮಾತ್ರ ಎಬ್ಬಿಸುವ. ಮುಂದಿನದ್ದು ಹಾಗೇ ಇರ್ಲಿ. ಸೀಲು ಹಿಂದೆ ಅಲ್ವಾ ಬೀಳುದು?”

“ಹರಿದರೆ?”

“ಹರಿದ್ರೆ ಹರೀತು.”

“ಅದು ಉತ್ತರ ಅಲ್ಲ ಅಪ್ಪ. ಹರಿದರೆ ನನ್ನ ಹತ್ರ ಏನೂ ಇರಲ್ಲ. ನಿಮ್ಮ ಹಾಗೆ.”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಪ್ಪ ಸಟ್ಟುಗವನ್ನು ಪಂಚೆಯ ತುದಿಯಲ್ಲಿ ಒರೆಸುತ್ತ ಕೂತರು.

“ಹೌದು ಮಾರಾಯ್ತಿ, ನನ್ನ ಹಾಗೆ,” ಅಂದರು ಕೊನೆಗೆ. “ಈಗ ಹೇಳು. ಇದನ್ನು ಎಬ್ಬಿಸದೆ ಇಟ್ರೆ ನಿನ್ನ ಹತ್ರ ಎಂತ ಉಂಟು?”

ಎರಡೂ ಕಡೆಯಿಂದ ವಾದಿಸಿ ನೋಡಿದೆ. ಎಬ್ಬಿಸದಿದ್ದರೆ ಕಾಗದ ಇರುತ್ತದೆ, ಸೀಟು ಹೋಗುತ್ತದೆ. ಎಬ್ಬಿಸಿದರೆ ಎರಡೂ ಹೋಗಬಹುದು. ಇದಕ್ಕೆ ತೀರ್ಪುಗಾರರು ಇರಲಿಲ್ಲ. ಪದವಿಪತ್ರವನ್ನು ಮಗುಚಿ ಅವರ ಮುಂದಿಟ್ಟೆ.

ಅಪ್ಪ ಹಳೇ ಪಂಚೆಯ ತುಂಡು ಹಾಸಿ, ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿದರು. ಬೆರಳ ತುದಿಯಿಂದ ಮುಟ್ಟಿ ನೋಡುವರು, ಮತ್ತೆ ಆಡಿಸುವರು. ಒಂದು ಹದಕ್ಕೆ ಬಂದಾಗ ಅಂಚಿಗೆ ಸಟ್ಟುಗ ಕೊಟ್ಟು, ನೀರುದೋಸೆ ಎಬ್ಬಿಸುವ ಹಾಗೆ ಎಳೆಯದೆ, ಬರೀ ತಳ್ಳುತ್ತ ಹೋದರು. ಇಷ್ಟು ವರ್ಷ ಅವರು ನೀರುದೋಸೆ ಎಬ್ಬಿಸಿದ್ದನ್ನು ನೋಡಿದ್ದೇನೆ, ಒಂದೂ ಹರಿದದ್ದಿಲ್ಲ. ಇದು ಹರಿಯಿತು, ಒಂದು ಮೂಲೆಯಲ್ಲಿ, ಉಗುರಿನಷ್ಟು. ಅಪ್ಪ ನನ್ನ ಕಡೆ ನೋಡಲಿಲ್ಲ. ಉಳಿದದ್ದು ಬಂತು. ಹಿಂಬದಿಯೆಲ್ಲ ಹತ್ತಿಯಂತೆ ನವಿರೆದ್ದಿತ್ತು.

ಗುಮಾಸ್ತರು ಅದನ್ನು ಸವರಿ, ಮೂಸಿ, ಅಸಲಿ ಹೌದೋ ಅಲ್ಲವೋ ಎಂದು ರಿಜಿಸ್ಟರಿನೊಡನೆ ತಾಳೆ ನೋಡಿ, ಸೀಲು ಒತ್ತಿದರು. ನವಿರು ಶಾಯಿ ಕುಡಿಯಿತು. ಅಕ್ಷರಗಳು ಉಬ್ಬಿ, ಅಂಚಿನ ಗೆರೆ ಹರಡಿ, ಕಳ್ಳ ಸೀಲು ಎಂದರೆ ಯಾರಾದರೂ ಒಪ್ಪುವ ಹಾಗೆ ಕೂತಿತು.

ಹತ್ತೊಂಬತ್ತನೇ ತಾರೀಖು ಖಾರಘರದ ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಂದೆ ಪ್ಲಾಸ್ಟಿಕ್ಕು, ಹಿಂದೆ ಹತ್ತಿ, ಮೂಲೆ ಮುಕ್ಕಾಗಿತ್ತು.

“ತಪ್ಪು ತಿಳ್ಕೋಬೇಡಿ. ಇದು ನಿಜವಾದ ಸೀಲು ಅಂತ ನಾನ್ ಹೇಗೆ ನಂಬ್ಲಿ?”

ನನ್ನ ಹತ್ತಿರ ಆರು ವಾದಗಳಿದ್ದವು. ಅವರ ಜಾಗದಲ್ಲಿದ್ದರೆ ಆರನ್ನೂ ನಾನೇ ಮುರಿಯುತ್ತಿದ್ದೆ.

“ನಂಬಬೇಡಿ,” ಅಂದೆ. “ವಿಚಾರಿಸಿ. ಸೀಲಿನ ಪಕ್ಕ ಅವರ ರಿಜಿಸ್ಟರಿನ ನಂಬರ್ ಇದೆ.”

ಅವರು ಮುಂಬೈಯ ಕಚೇರಿಗೆ ಫೋನ್ ಹಚ್ಚಿದರು. ಎಂಗೇಜ್. ಮತ್ತೆ ಎಂಗೇಜ್. ಹೊರಗೆ ಗುಡ್ಡದ ಮೇಲೆ ಮೋಡ ಕೂತಿತ್ತು. ಇಷ್ಟು ದಿನ ನಾನು ಬೇರೆಯವರನ್ನು ಕೂರಿಸುತ್ತಿದ್ದ ಅನುಮಾನದ ಕುರ್ಚಿಯಲ್ಲಿ ಈಗ ನಾನೇ ಕೈಕಟ್ಟಿ ಕೂತಿದ್ದೆ. ಕೊನೆಗೆ ಯಾರೋ ಎತ್ತಿದರು. ಮೇಡಂ ನಂಬರ್ ಓದಿದರು. ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು: “ಹೋ ಹೋ, ತೀ ಪ್ಲಾಸ್ಟಿಕ್‌ವಾಲೀ ಮುಲ್ಗೀ.” ಪ್ಲಾಸ್ಟಿಕ್ ಹುಡುಗಿ.

ಮೇಡಂ ರಿಸೀವರ್ ಇಟ್ಟು ನನ್ನ ಫೈಲನ್ನು ಬಲಗಡೆಯ ಟ್ರೇಗೆ ಹಾಕಿದರು.

ನೇಮಕದ ಪತ್ರ ಬಂದ ದಿನ ನಾನು ಅದನ್ನು ಮೂರು ಸಲ ಓದಿ, ಅಂಚಿನಲ್ಲಿ ಪ್ರಶ್ನೆ ಬರೆದೆ. ರಜೆ ಎಷ್ಟು, ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತದೆ, ಮಧ್ಯದಲ್ಲಿ ಬಿಟ್ಟರೆ ಏನು. ಮೇಡಂ ಎಲ್ಲಕ್ಕೂ ಉತ್ತರ ಕಳಿಸಿದರು, ಕೊನೆಗೆ ‘ಇನ್ನೇನಾದ್ರೂ ಇದೆಯಾ ತಾಯಿ?’ ಎಂದು ಸೇರಿಸಿ. ಸಹಿ ಮಾಡಿದ ಮೇಲೆ ಅಪ್ಪ ಆ ಪತ್ರಕ್ಕೆ ಕೈ ಚಾಚಿದರು. ನಾನು ಗಟ್ಟಿ ಹಿಡಿದುಕೊಂಡೆ.

“ಅಂಗಡಿಗೆ ಒಯ್ಯುದಿಲ್ಲ,” ಎಂದು ಅಂಗಿಯ ಒಳಗಿನಿಂದ ಒಂದು ತೆಳು ಪ್ಲಾಸ್ಟಿಕ್ ಚೀಲ ತೆಗೆದರು, ಮೇಲ್ಗಡೆ ಒತ್ತಿ ಮುಚ್ಚುವಂಥದ್ದು. ಪತ್ರ ಇಳಿಸಿ, ಬಾಯಿ ಒತ್ತಿ, ತಲೆಕೆಳಗು ಮಾಡಿ, ನಲ್ಲಿಯ ಕೆಳಗೆ ಹಿಡಿದರು. ನೀರು ಒಳಗೆ ಹೋಗಲಿಲ್ಲ. ಆಮೇಲೆ ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ಕಾಗದ ಹೊರತೆಗೆದು ಅಂಚುಗಳನ್ನೆಲ್ಲ ಮುಟ್ಟಿ ನೋಡಿದೆ. ಒಣಗೇ ಇತ್ತು.